ಗಣಿ ನೀರಿನ ಲೆಕ್ಕ ಜನರಿಗೂ ಕಾಣಲಿ: ಪರಿಸರ ಅನುಮತಿ ಪರಿಶೀಲಿಸುವ ತಜ್ಞರಿಗೆ ಬಹಿರಂಗ ಪತ್ರ

ಗಣಿ ಯೋಜನೆಗಳಿಗೆ ಪರಿಸರ ಅನುಮತಿ ಕೊಡುವ ಮುನ್ನ ವರದಿಗಳನ್ನು ಪರಿಶೀಲಿಸುವ ತಜ್ಞರ ಸಮಿತಿಯ ಅಧ್ಯಕ್ಷರು ಮತ್ತು ಸದಸ್ಯರಿಗೆ,

ಮಾನ್ಯರೇ,

ನಮಸ್ಕಾರ. ನಾನು ಕೆಮಿಕಲ್ ಇಂಜಿನಿಯರ್. ನೀರು ಶುದ್ಧ ಮಾಡುವ ಘಟಕಗಳನ್ನು ಕಟ್ಟುವ ಮೊದಲು, ಅವು ಹೇಗೆ ನಡೆಯಬಹುದು ಅಂತ ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ ನೋಡುವುದು ನನ್ನ ಹೊಟ್ಟೆಪಾಡಿನ ಕೆಲಸ. ನನ್ನ ಊರು ಕಲ್ಯಾಣ ಕರ್ನಾಟಕದ ಗಣಿ ಸೀಮೆಯಲ್ಲಿದೆ. ಈ ಎರಡೂ ಕಾರಣಕ್ಕೆ ಈ ಪತ್ರ ಬರೆಯುತ್ತಿದ್ದೇನೆ.

ಈಚೆಗೆ ನಮ್ಮ ಸೀಮೆಯ ಒಂದು ಗಣಿಯ ವಿಸ್ತರಣೆಗೆ ಸಾರ್ವಜನಿಕ ಅಹವಾಲು ಸಭೆ ನಡೆಯಿತು. ಗಣಿಯ ಹೆಸರು ಇಲ್ಲಿ ಬೇಡ. ಇಂಥದ್ದೇ ವರದಿಗಳನ್ನು ಬೇರೆ ಕಡೆಯೂ ನೋಡಿದ್ದೇನೆ, ಒಬ್ಬರನ್ನೇ ಕಟಕಟೆಗೆ ನಿಲ್ಲಿಸಿದರೆ ಉಳಿದವರ ವಿಷಯ ಮರೆತುಹೋಗುತ್ತದೆ. ಗಣಿ ಗುಂಡಿಯಿಂದ ಪಂಪ್ ಮಾಡಿದ ನೀರನ್ನು ಮೆಂಬ್ರೇನ್ ಘಟಕದಲ್ಲಿ ಶುದ್ಧ ಮಾಡುತ್ತೇವೆ, ಒಂದಷ್ಟನ್ನು ಗಣಿಗೇ ಬಳಸುತ್ತೇವೆ, ಉಳಿದದ್ದನ್ನು ಪಕ್ಕದ ಊರಿನ ಕೆರೆಗೆ ಬಿಡುತ್ತೇವೆ ಅಂತ ಕಂಪನಿಯ ಪರವಾಗಿ ಬಂದಿದ್ದವರು ಹೇಳಿದರು. ಒಳ್ಳೆಯ ಮಾತೇ. ಬೇಸಿಗೆಯಲ್ಲಿ ಕೆರೆ ಒಣಗಿ ಬಿರುಕು ಬಿಡುವ ಊರು ಅದು.

ಆಗ ಒಬ್ಬ ಹೆಣ್ಣುಮಗಳು ಎದ್ದು ನಿಂತು ಕೇಳಿದಳು: "ಕೆರಿಗೆ ಬಿಟ್ಟ ನೀರು ನಮ್ಮ ಎಮ್ಮಿ ಕುಡಿದ್ರ ನಡೀತದೇನ್ರೀ ಸಾಹೇಬ್ರ?" ವೇದಿಕೆಯಿಂದ ಬಂದ ಉತ್ತರ ಇಷ್ಟು: "ಕಂಪ್ಯೂಟರ್ ಮಾಡೆಲ್ ಪ್ರಕಾರ ಎಲ್ಲಾ ಮಿತಿಯೊಳಗೇ ಇದೆಯಮ್ಮಾ." ಆಕೆ ಕೂತುಬಿಟ್ಟಳು. ಕಂಪ್ಯೂಟರ್ ಹೇಳಿದ ಮೇಲೆ ಇನ್ನೇನು ಕೇಳುವುದು?

ಆ ಮಾಡೆಲ್‌ಗೆ ಯಾವ ನೀರಿನ ಅಂಕಿಗಳನ್ನು ಕೊಟ್ಟಿದ್ದೀರಿ, ಇನ್‌ಪುಟ್ ಫೈಲ್ ತೋರಿಸಿ ಅಂತ ನಾನು ಕೇಳಿದೆ. ಅದು ಟೆಕ್ನಿಕಲ್ ವಿಷಯ, ಸಮಿತಿಯವರು ನೋಡಿಕೊಳ್ಳುತ್ತಾರೆ ಅಂದರು. ಸಮಿತಿ ಅಂದರೆ ತಾವು. ಹಾಗಾಗಿ ತಮ್ಮನ್ನೇ ಕೇಳುತ್ತಿದ್ದೇನೆ: ತಾವು ನೋಡಿಕೊಳ್ಳುತ್ತಿದ್ದೀರಾ?

ಮೊದಲೇ ಹೇಳಿಬಿಡುತ್ತೇನೆ. ನಾನು ಮಾಡೆಲ್‌ಗಳ ವಿರೋಧಿಯಲ್ಲ, ಮೆಂಬ್ರೇನ್‌ಗಳ ವಿರೋಧಿಯೂ ಅಲ್ಲ. ಎರಡರ ಮೇಲೂ ನನಗೆ ನಂಬಿಕೆ ಇದೆ. ನಂಬಿಕೆ ಇರುವುದರಿಂದಲೇ ಅವನ್ನು ಸುಮ್ನೆ ಮುದ್ರೆ ಒತ್ತುವುದಕ್ಕೆ ಬಳಸುವುದನ್ನು ಕಂಡರೆ ಸಂಕಟವಾಗುತ್ತದೆ.

ಮೆಂಬ್ರೇನ್ ಅಂದರೆ ಏನು ಅಂತ ನಮ್ಮ ಹಳ್ಳಿಯವರಿಗೆ ಹೇಳಿಕೊಡಬೇಕಿಲ್ಲ. ಊರೂರಿಗೆ ಶುದ್ಧ ಕುಡಿಯುವ ನೀರಿನ ಘಟಕ ಬಂದಿದೆ. ನಾಣ್ಯ ಹಾಕಿ 20 ಲೀಟರಿನ ಕ್ಯಾನ್ ತುಂಬಿಸಿಕೊಂಡು ಬರುತ್ತಾರೆ. ಘಟಕದ ಹಿಂದಿನ ಪೈಪಿನಿಂದ ಸದಾ ಚರಂಡಿಗೆ ಹರಿಯುವ ರಿಜೆಕ್ಟ್ ನೀರನ್ನೂ ಅವರು ನೋಡಿದ್ದಾರೆ. ಕೆಟ್ಟು ನಿಂತ ಘಟಕಗಳನ್ನಂತೂ ಜಾಸ್ತಿಯೇ ನೋಡಿದ್ದಾರೆ. ಗಣಿಯಲ್ಲಿ ಹಾಕುವುದೂ ಇದೇ ತತ್ವದ ಘಟಕ, ಗಾತ್ರ ದೊಡ್ಡದು ಅಷ್ಟೆ. ಒತ್ತಡ ಹಾಕಿ ನೀರನ್ನು ಮೆಂಬ್ರೇನ್ ದಾಟಿಸುತ್ತಾರೆ. ನೀರು ಆಚೆ ಹೋಗುತ್ತದೆ, ಉಪ್ಪು ಬಹುಪಾಲು ಈಚೆ ಉಳಿಯುತ್ತದೆ. ಉಪ್ಪು ಜಾಸ್ತಿಯಾದಷ್ಟೂ ಒತ್ತಡ ಜಾಸ್ತಿ ಬೇಕು, ಕರೆಂಟೂ ಜಾಸ್ತಿ ಬೇಕು. ಉಪ್ಪು ಎಲ್ಲೂ ಮಾಯವಾಗುವುದಿಲ್ಲ. ಸ್ವಲ್ಪ ನೀರಿನಲ್ಲಿ ಗಟ್ಟಿಯಾಗಿ ಕೂಡಿಕೊಳ್ಳುತ್ತದೆ.

ಮಾಡೆಲ್ ಮಾಡುವ ಕೆಲಸವೂ ತಿಳಿಯದಂಥದ್ದೇನಲ್ಲ. ಉದ್ದನೆಯ ಕೊಳವೆಯೊಳಗೆ ಸಾಮಾನ್ಯವಾಗಿ ಆರು ಮೆಂಬ್ರೇನ್ ಸುರುಳಿಗಳನ್ನು ಒಂದರ ಹಿಂದೆ ಒಂದು ಕೂರಿಸಿರುತ್ತಾರೆ. ಮೊದಲನೆಯದು ಬಿಟ್ಟ ಉಪ್ಪುನೀರು ಎರಡನೆಯದಕ್ಕೆ ಹೋಗುತ್ತದೆ, ಅದು ಬಿಟ್ಟದ್ದು ಮೂರನೆಯದಕ್ಕೆ. ಪ್ರತಿ ಸುರುಳಿಯಲ್ಲಿ ಎಷ್ಟು ನೀರು ದಾಟುತ್ತದೆ, ಎಷ್ಟು ಉಪ್ಪು ಜೊತೆಗೆ ನುಸುಳುತ್ತದೆ, ಒತ್ತಡ ಎಷ್ಟು ಇಳಿಯುತ್ತದೆ, ಮೆಂಬ್ರೇನಿನ ಮೈಗೆ ತಾಗಿದ ಪದರದಲ್ಲಿ ಉಪ್ಪು ಎಷ್ಟು ಮಂದವಾಗುತ್ತದೆ ಅಂತ ಸಾಫ್ಟ್‌ವೇರ್ ಕೊನೆಯ ಸುರುಳಿಯವರೆಗೆ ಲೆಕ್ಕ ಹಾಕುತ್ತದೆ. ಮೆಂಬ್ರೇನ್ ತಯಾರಿಸುವ ಕಂಪನಿಗಳೇ ಇಂಥ ಸಾಫ್ಟ್‌ವೇರನ್ನು ಪುಕ್ಕಟೆ ಕೊಡುತ್ತವೆ. ಗಂಟೆಯೊಳಗೆ ಹತ್ತಾರು ವಿನ್ಯಾಸ ನೋಡಬಹುದು. ಮೊದಲು ವಾರಗಟ್ಟಲೆ ಹಿಡಿಯುತ್ತಿದ್ದ ಲೆಕ್ಕ ಅದು. ಇದು ದೊಡ್ಡ ಅನುಕೂಲ, ಅಲ್ವಾ?

ಆದರೆ ಆ ಕಂಪನಿಗಳೇ ಸಣ್ಣ ಅಕ್ಷರದಲ್ಲಿ ಒಂದು ಮಾತು ಬರೆದಿರುತ್ತವೆ: ಈ ಅಂಕಿಗಳಿಗೆ ನಮ್ಮ ಗ್ಯಾರಂಟಿ ಇಲ್ಲ, ಕೊಟ್ಟ ಮಾಹಿತಿ ಸರಿಯಿದೆಯೋ ಇಲ್ಲವೋ ಅನ್ನುವುದು ಬಳಸುವವರ ಹೊಣೆ. ಸಾಫ್ಟ್‌ವೇರ್ ಮಾಡಿದವರೇ ಕೊಡದ ಗ್ಯಾರಂಟಿಯನ್ನು ವೇದಿಕೆಯ ಮೇಲೆ ಕೂತವರು ಆ ಹೆಣ್ಣುಮಗಳಿಗೆ ಕೊಟ್ಟುಬಿಟ್ಟರು.

ಈಗ ಆ ಗಣಿಯ ಮಾಡೆಲ್‌ನ ಪ್ರಿಂಟ್‌ಔಟ್ ವಿಷಯಕ್ಕೆ ಬರುತ್ತೇನೆ. ಪೂರ್ತಿ ಫೈಲ್ ಸಿಗಲಿಲ್ಲ. ವರದಿಯ ಅನುಬಂಧದಲ್ಲಿ ಕೆಲವು ಪುಟ ಮಾತ್ರ ಇದ್ದವು. ಅದರಲ್ಲಿ ಒಳಬರುವ ನೀರಿನ ಪಟ್ಟಿ ಒಂದು ಪುಟ. ಅದನ್ನು ಲ್ಯಾಬ್ ವರದಿಯ ಪಕ್ಕದಲ್ಲಿಟ್ಟುಕೊಂಡು ಸಾಲು ಸಾಲಾಗಿ ತಾಳೆ ನೋಡಿದೆ. ಕ್ಯಾಲ್ಸಿಯಂ ಸರಿ ಇತ್ತು. ಮೆಗ್ನೀಸಿಯಂ ಸರಿ. ಸಲ್ಫೇಟ್ ಸರಿ. ಕ್ಲೋರೈಡ್ ಹತ್ತಿರ ಬಂದಾಗ ತಾಳೆ ತಪ್ಪಿತು. ಲ್ಯಾಬ್ ಹೇಳಿದ್ದಕ್ಕಿಂತ ಸಾಫ್ಟ್‌ವೇರಿನ ಪುಟದಲ್ಲಿ ಕ್ಲೋರೈಡ್ ಜಾಸ್ತಿ ಇತ್ತು. ನೈಟ್ರೇಟ್ ಸಾಲಿನಲ್ಲಿ ಸೊನ್ನೆ. ಸಿಲಿಕಾ ಸೊನ್ನೆ. ಬೇರಿಯಂ ಸೊನ್ನೆ. ತಾಪಮಾನ 25 ಡಿಗ್ರಿ. ಮೆಂಬ್ರೇನಿನ ವಯಸ್ಸು ಸೊನ್ನೆ ವರ್ಷ.

ತಾವು ತಜ್ಞರು, ಇದರ ಅರ್ಥ ತಮಗೆ ಗೊತ್ತಾಗುತ್ತದೆ. ಈ ಪತ್ರ ಊರವರೂ ಓದಲಿ ಅಂತ ಬಿಡಿಸಿ ಹೇಳುತ್ತೇನೆ.

ನೀರಿನಲ್ಲಿ ಕರಗಿರುವ ಉಪ್ಪಿನ ಕಣಗಳಲ್ಲಿ ಕೆಲವಕ್ಕೆ ಧನ ವಿದ್ಯುತ್, ಕೆಲವಕ್ಕೆ ಋಣ ವಿದ್ಯುತ್. ಎರಡರ ಮೊತ್ತ ಯಾವ ನೀರಿನಲ್ಲೂ ಸಮ ಇರಲೇಬೇಕು. ಲ್ಯಾಬ್ ವರದಿಯಲ್ಲಿ ಸಮ ಬರದಿದ್ದರೆ ಒಂದೋ ಅಳತೆ ತಪ್ಪಿದೆ, ಇಲ್ಲವೇ ಯಾವುದನ್ನೋ ಅಳೆದೇ ಇಲ್ಲ. ಆಗ ಸಾಫ್ಟ್‌ವೇರಿನಲ್ಲಿ ಒಂದು ಗುಂಡಿ ಇದೆ. ಅದನ್ನು ಒತ್ತಿದರೆ ಕೊರತೆ ಬಿದ್ದ ಕಡೆಗೆ ಸೋಡಿಯಮ್ಮನ್ನೋ ಕ್ಲೋರೈಡನ್ನೋ ತಾನೇ ತುಂಬಿ ಲೆಕ್ಕ ಸರಿದೂಗಿಸುತ್ತದೆ. ಸಣ್ಣಪುಟ್ಟ ವ್ಯತ್ಯಾಸಕ್ಕೆ ಇದು ಸರಿಯೇ. ಇಲ್ಲಿ ಮಾತ್ರ ಹಾಗಾಗಿಲ್ಲ. ಗಣಿಯಲ್ಲಿ ಬಂಡೆ ಸಿಡಿಸುವುದು ಬಹುತೇಕ ಅಮೋನಿಯಂ ನೈಟ್ರೇಟ್ ಆಧಾರದ ಮದ್ದಿನಿಂದ. ಪೂರ್ತಿ ಉರಿಯದೆ ಉಳಿದ ಮದ್ದು, ಚೆಲ್ಲಿದ ಮದ್ದು ನೀರಿನಲ್ಲಿ ಕರಗುತ್ತದೆ. ದಿನಾ ಸಿಡಿತ ನಡೆಯುವ ಗಣಿಯ ನೀರಿನಲ್ಲಿ ನೈಟ್ರೇಟ್ ಸೊನ್ನೆ ಅಂದರೆ ನಾನು ನಂಬುವುದಿಲ್ಲ. ಅಳೆಯದೆ ಬಿಟ್ಟಿದ್ದಾರೆ, ಅದರ ಜಾಗದಲ್ಲಿ ಸಾಫ್ಟ್‌ವೇರ್ ಕ್ಲೋರೈಡ್ ತುಂಬಿದೆ ಅನ್ನುವುದು ನನ್ನ ಬಲವಾದ ಅನುಮಾನ.

ಅದರಿಂದ ಏನಾಗುತ್ತದೆ? ಕ್ಲೋರೈಡನ್ನು ಮೆಂಬ್ರೇನ್ ಚೆನ್ನಾಗಿ ತಡೆಯುತ್ತದೆ. ನೈಟ್ರೇಟನ್ನು ಅಷ್ಟು ಚೆನ್ನಾಗಿ ತಡೆಯುವುದಿಲ್ಲ. ಹಾಗಾಗಿ ಕಾಗದದ ಮೇಲೆ ಹೊರಬರುವ ನೀರು ನಿಜಕ್ಕಿಂತ ಚೊಕ್ಕಟವಾಗಿ ಕಾಣುತ್ತದೆ, ನೈಟ್ರೇಟ್ ಮಾತು ಬರುವುದೇ ಇಲ್ಲ. ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500ರಲ್ಲಿ ನೈಟ್ರೇಟ್ ಮಿತಿ ಲೀಟರಿಗೆ 45 ಮಿಲಿಗ್ರಾಂ. ಬೇರೆ ನೀರು ಇಲ್ಲದಿದ್ದರೂ ಅದಕ್ಕೆ ಸಡಿಲಿಕೆ ಇಲ್ಲ. ನೈಟ್ರೇಟ್ ಜಾಸ್ತಿ ಇರುವ ನೀರನ್ನು ಹಾಲುಪುಡಿಗೆ ಬೆರೆಸಿ ಕುಡಿಸಿದರೆ ಎಳೆಗೂಸಿನ ರಕ್ತ ಆಮ್ಲಜನಕ ಹೊರುವ ಶಕ್ತಿ ಕಳೆದುಕೊಳ್ಳುತ್ತದೆ, ಮೈ ನೀಲಿಗಟ್ಟುತ್ತದೆ. ಕೆರೆಗೆ ಬಿಟ್ಟ ನೀರು ಅಕ್ಕಪಕ್ಕದ ಬೋರ್‌ವೆಲ್‌ಗೂ ಇಳಿಯುತ್ತದೆ ಅನ್ನುವುದನ್ನು ತಮಗೆ ಹೇಳಬೇಕಿಲ್ಲ.

ತಾಪಮಾನದ ವಿಷಯ ಚಿಕ್ಕದು, ಆದರೂ ಹೇಳುತ್ತೇನೆ. 25 ಡಿಗ್ರಿ ಅನ್ನುವುದು ಸಾಫ್ಟ್‌ವೇರ್ ತೆರೆದಾಗ ತಾನೇ ಇರುವ ಅಂಕಿ. ನಮ್ಮ ಕಡೆ ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ತೆರೆದ ಗುಂಡಿಯ ನೀರು, ಸಿಂಟೆಕ್ಸ್ ಟ್ಯಾಂಕಿನ ನೀರು ಮುಟ್ಟಿದರೆ ಬೆಚ್ಚಗಿರುತ್ತದೆ. ನೀರು ಬಿಸಿಯಾದಷ್ಟೂ ಮೆಂಬ್ರೇನ್ ಮೂಲಕ ಉಪ್ಪು ಜಾಸ್ತಿ ನುಸುಳುತ್ತದೆ. ಮೆಂಬ್ರೇನ್ ಹಳೆಯದಾದಷ್ಟೂ ಹೀಗೇ. ಅಂದರೆ ಆ ಪುಟ ತೋರಿಸುವುದು ಹೊಸ ಮೆಂಬ್ರೇನ್ ಹಾಕಿದ ಮೊದಲ ದಿನದ, ತಂಪು ನೀರಿನ ಫಲಿತಾಂಶ. ಮೂರು ವರ್ಷ ದುಡಿದ ಮೆಂಬ್ರೇನ್ ಮೇ ತಿಂಗಳಲ್ಲಿ ಏನು ಕೊಡುತ್ತದೆ ಅಂತ ಅದೇ ಸಾಫ್ಟ್‌ವೇರಿನಲ್ಲಿ ಎರಡು ಅಂಕಿ ಬದಲಿಸಿ ನೋಡಬಹುದಿತ್ತು. ಐದು ನಿಮಿಷದ ಕೆಲಸ. ಮಾಡಿಲ್ಲ.

ಇನ್ನು ನೀರಿನ ಮಾದರಿ. ಇಡೀ ಲೆಕ್ಕ ನಿಂತಿರುವುದು ಒಂದೇ ದಿನ ತೆಗೆದ ಒಂದೇ ಮಾದರಿಯ ಮೇಲೆ. ಅದನ್ನು ತೆಗೆದದ್ದು ಬೇಸಿಗೆಯಲ್ಲಿ.

ಗಣಿ ನೀರು ಬೋರ್‌ವೆಲ್ ನೀರಿನಂತಲ್ಲ. ಅದಿರಿನ ಕಲ್ಲಿನಲ್ಲಿ ಅನೇಕ ಕಡೆ ಪೈರೈಟ್ ಇರುತ್ತದೆ, ಅಂದರೆ ಕಬ್ಬಿಣ ಮತ್ತು ಗಂಧಕ ಕೂಡಿದ ಖನಿಜ. ಭೂಮಿಯೊಳಗೆ ಮುಚ್ಚಿಕೊಂಡಿರುವಷ್ಟು ಕಾಲ ಅದರ ಪಾಡಿಗೆ ಅದಿರುತ್ತದೆ. ಒಡೆದು ಗಾಳಿಗೆ ಹಾಕಿದರೆ ಗಾಳಿ, ನೀರು, ಬ್ಯಾಕ್ಟೀರಿಯಾ ಸೇರಿ ಅದನ್ನು ಸಲ್ಫ್ಯೂರಿಕ್ ಆಮ್ಲ ಮಾಡುತ್ತವೆ. ಆ ಹುಳಿನೀರು ಕಲ್ಲಿನಲ್ಲಿರುವ ಬೇರೆ ಲೋಹಗಳನ್ನೂ ಕರಗಿಸಿಕೊಂಡು ಹರಿಯುತ್ತದೆ. ಸುಣ್ಣದ ಅಂಶವಿರುವ ಕಲ್ಲು ಸಿಕ್ಕರೆ ಹುಳಿ ಇಳಿಯುತ್ತದೆ, ಸಲ್ಫೇಟ್ ಮಾತ್ರ ಉಳಿಯುತ್ತದೆ. ಮೇಘಾಲಯದ ಜೈಂತಿಯಾ ಬೆಟ್ಟಗಳಲ್ಲಿ ಕಲ್ಲಿದ್ದಲು ಗಣಿಗಳ ಹುಳಿನೀರಿನಿಂದ ಹೊಳೆಗಳಲ್ಲಿ ಮೀನು ಉಳಿಯದಂತಾಯಿತು. ಅಲ್ಲಿನ ಇಲಿಬಿಲದಂಥ ಗಣಿಗಳನ್ನು 2014ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ನಿಷೇಧಿಸಿತು.

ಬೇಸಿಗೆಯಿಡೀ ಕಲ್ಲುರಾಶಿಯ ಮೇಲೆ ಈ ಉಪ್ಪುಗಳು ಬಿಳಿ, ಹಳದಿ ಪುಡಿಯಾಗಿ ಒಣಗಿ ಕೂತಿರುತ್ತವೆ. ಜೂನ್‌ನಲ್ಲಿ ಮೊದಲ ದೊಡ್ಡ ಮಳೆ ಬಿದ್ದಾಗ ಎಲ್ಲ ಒಟ್ಟಿಗೆ ತೊಳೆದು ಗುಂಡಿಗೆ ಬರುತ್ತದೆ. ಆ ವಾರದ ನೀರಿನಲ್ಲಿ ಕೆಸರು, ಕಬ್ಬಿಣ, ಆಮ್ಲ ಎಲ್ಲ ಏರುತ್ತದೆ. ಆಮೇಲೆ ಮಳೆ ಹಿಡಿದರೆ ತಿಳಿಯಾಗುತ್ತದೆ. ಘಟಕ ಕುಸಿದು ಬೀಳುವುದು ಸರಾಸರಿ ದಿನದಲ್ಲಲ್ಲ, ಇಂಥ ವಾರದಲ್ಲಿ. ಆದರೆ 2006ರ ಪರಿಸರ ಪರಿಣಾಮ ಅಧಿಸೂಚನೆಯ ಪ್ರಕಾರ ಮಳೆಗಾಲ ಬಿಟ್ಟು ಬೇರೆ ಒಂದು ಋತುವಿನ ಮಾಹಿತಿ ಇದ್ದರೆ ನಡೆಯುತ್ತದೆ. ಗಾಳಿ, ಧೂಳಿನ ಅಳತೆಗೆ ಅದು ಸರಿ ಇರಬಹುದು. ಗಣಿ ನೀರಿನ ಘಟಕದ ವಿನ್ಯಾಸಕ್ಕೆ ಇದು ಸಾಲದು. ನಿಯಮ ಹೇಳುವುದು ಕನಿಷ್ಠ ಎಷ್ಟು ಅಂತ. ಅದಕ್ಕಿಂತ ಜಾಸ್ತಿ ಕೇಳುವ ಅಧಿಕಾರ ತಮಗಿದೆ.

ಇನ್ನೂ ಒಂದು ಮಾತು ಇದೆ, ನನ್ನ ಮಟ್ಟಿಗೆ ಇದೇ ಎಲ್ಲಕ್ಕಿಂತ ದೊಡ್ಡದು. ವಿಷದ ಪ್ರಮಾಣ ಎಷ್ಟು ಅಂತ ಗೊತ್ತಾದರೆ ಸಾಲದು, ಅದು ಯಾವ ರೂಪದಲ್ಲಿದೆ ಅಂತಲೂ ಗೊತ್ತಾಗಬೇಕು. ಮೆಂಬ್ರೇನ್ ಬಹಳ ಮಟ್ಟಿಗೆ ವಿದ್ಯುತ್ ಹೊತ್ತ ಕಣಗಳನ್ನು ತಡೆಯುತ್ತದೆ. ವಿದ್ಯುತ್ ಇಲ್ಲದ ಪುಟ್ಟ ಕಣ ಬಂದರೆ ಸುಲಭವಾಗಿ ಬಿಟ್ಟುಬಿಡುತ್ತದೆ. ಆರ್ಸೆನಿಕ್ ತೆಗೆದುಕೊಳ್ಳಿ. ಆರ್ಸೆನೇಟ್ ರೂಪದಲ್ಲಿದ್ದರೆ ಅದಕ್ಕೆ ವಿದ್ಯುತ್ ಇದೆ, ಮೆಂಬ್ರೇನ್ ಚೆನ್ನಾಗಿ ತಡೆಯುತ್ತದೆ. ಆರ್ಸೆನೈಟ್ ರೂಪದಲ್ಲಿದ್ದರೆ ಸಾಮಾನ್ಯ ನೀರಿನ ಪಿಎಚ್‌ನಲ್ಲಿ (ಹುಳಿ ಎಷ್ಟು ಅಂತ ಹೇಳುವ ಅಳತೆ, ಅದು ಇಳಿದಷ್ಟೂ ಹುಳಿ ಜಾಸ್ತಿ) ಅದಕ್ಕೆ ವಿದ್ಯುತ್ ಇಲ್ಲ, ಅದು ಜಾಸ್ತಿ ನುಸುಳುತ್ತದೆ. ಗಾಳಿ ತಾಗದ ಆಳದ ನೀರಿನಲ್ಲಿ ಸಿಗುವುದು ಹೆಚ್ಚಾಗಿ ಈ ಎರಡನೆಯದೇ. ಲ್ಯಾಬ್ ವರದಿಗಳಲ್ಲಿ ಸಾಮಾನ್ಯವಾಗಿ "ಒಟ್ಟು ಆರ್ಸೆನಿಕ್" ಅಂತ ಒಂದೇ ಅಂಕಿ ಇರುತ್ತದೆ. ಅದರಿಂದ ಮಾಡೆಲ್‌ಗೆ ಏನೂ ತಿಳಿಯುವುದಿಲ್ಲ.

ಇದು ನಮ್ಮ ಸೀಮೆಗೆ ದೂರದ ಮಾತಲ್ಲ. ಯಾದಗಿರಿ ಜಿಲ್ಲೆಯ ಮಂಗಳೂರು ಚಿನ್ನದ ಗಣಿ ಇದ್ದ ಪಟ್ಟಿಯಲ್ಲಿ, ಸುರಪುರ ಸೀಮೆಯ ಕಿರದಳ್ಳಿ ತಾಂಡಾದಲ್ಲಿ, ಕುಡಿಯುವ ನೀರಿನಲ್ಲಿ ಆರ್ಸೆನಿಕ್ ಸಿಕ್ಕಿತ್ತು. ಜನರ ಅಂಗೈ, ಅಂಗಾಲಿನ ಚರ್ಮದಲ್ಲಿ ಅದರ ಗುರುತು ಕಂಡಿತ್ತು. ಕುಡಿಯುವ ನೀರಿನಲ್ಲಿ ಆರ್ಸೆನಿಕ್ ಮಿತಿ ಲೀಟರಿಗೆ 0.01 ಮಿಲಿಗ್ರಾಂ. ಇಷ್ಟು ಸಣ್ಣ ಮಿತಿ ಇರುವಾಗ ಶೇಕಡಾ ಕೆಲವಷ್ಟು ನುಸುಳಿದರೂ ಊರಿನ ಆರೋಗ್ಯದ ಪ್ರಶ್ನೆ.

ಸಯನೈಡ್ ಕಥೆಯೂ ಹೀಗೇ. ಚಿನ್ನ ತೆಗೆಯಲು ಅದಿರಿನ ಪುಡಿಯನ್ನು ಸಯನೈಡ್ ದ್ರಾವಣದಲ್ಲಿ ನೆನೆಸುತ್ತಾರೆ. ಪಿಎಚ್ 9ಕ್ಕಿಂತ ಕೆಳಗೆ ಇಳಿದರೆ ಅದು ಬಹುಪಾಲು ಹೈಡ್ರೋಜನ್ ಸಯನೈಡ್ ಆಗುತ್ತದೆ. ಅದಕ್ಕೂ ವಿದ್ಯುತ್ ಇಲ್ಲ, ಗಾತ್ರವೂ ಪುಟ್ಟದು. ಆರ್‌ಓ ಮೆಂಬ್ರೇನ್, ಅಂದರೆ ನಾನು ಇಷ್ಟು ಹೊತ್ತು ಹೇಳಿದ ಉಪ್ಪು ತಡೆಯುವ ಮೆಂಬ್ರೇನ್, ಅದನ್ನು ನೆಚ್ಚಿಕೊಳ್ಳುವಷ್ಟು ತಡೆಯುವುದಿಲ್ಲ. ಮೊದಲೇ ಅದನ್ನು ಒಡೆದು ಹಾಕುವ ವ್ಯವಸ್ಥೆ ಇರಬೇಕು. ನ್ಯಾನೊಫಿಲ್ಟರ್, ಅಂದರೆ ಆರ್‌ಓಗಿಂತ ಸಡಿಲವಾದ ಮೆಂಬ್ರೇನ್, ಹಾಕುತ್ತೇವೆ ಅನ್ನುವ ಕಡೆ ಬೇರೆ ತೊಡಕು. ಅದರ ಮೈಗೆ ಋಣ ವಿದ್ಯುತ್ ಇರುವುದರಿಂದ ಅದು ಸಲ್ಫೇಟನ್ನು ದೂರ ತಳ್ಳುತ್ತದೆ. ನೀರು ತೀರಾ ಹುಳಿಯಾದರೆ ಆ ವಿದ್ಯುತ್ ಕಳೆದುಹೋಗುತ್ತದೆ, ಕೆಲವು ಸಲ ತಿರುಗಿಯೇ ಬಿಡುತ್ತದೆ. ಸಿಹಿನೀರಿಗೆ, ಸವುಳು ನೀರಿಗೆ ಹೊಂದಿಸಿದ ಮಾಡೆಲ್ ಅಲ್ಲಿ ದಾರಿ ತಪ್ಪುತ್ತದೆ.

ಇದೆಲ್ಲ ಲೆಕ್ಕಕ್ಕೆ ಸಿಗದ ಗುಟ್ಟುಗಳಲ್ಲ. ನೀರಿನಲ್ಲಿ ಯಾವ ಧಾತು ಯಾವ ರೂಪದಲ್ಲಿದೆ, ಯಾವ ಉಪ್ಪು ಯಾವಾಗ ಹರಳುಗಟ್ಟುತ್ತದೆ ಅಂತ ಲೆಕ್ಕ ಹಾಕಲು ಅಮೆರಿಕದ ಭೂವಿಜ್ಞಾನ ಸಂಸ್ಥೆ ಯುಎಸ್‌ಜಿಎಸ್ ಮಾಡಿದ ಫ್ರೀಕ್‌ಸಿ ಎಂಬ ಸಾಫ್ಟ್‌ವೇರ್ ಇದೆ. ಯಾರು ಬೇಕಾದರೂ ಪುಕ್ಕಟೆ ಇಳಿಸಿಕೊಳ್ಳಬಹುದು. ಮೆಂಬ್ರೇನ್ ಮಾಡೆಲ್ ಜೊತೆ ಅದನ್ನೂ ಸೇರಿಸಿದರೆ ಅರ್ಧ ಅನುಮಾನ ಪರಿಹಾರವಾಗುತ್ತದೆ. ನಮ್ಮ ಇಂಜಿನಿಯರಿಂಗ್ ಕಾಲೇಜಿನ ಮಕ್ಕಳೇ ಮಾಡಬಲ್ಲ ಕೆಲಸ ಇದು.

ಈಗ ರಿಜೆಕ್ಟ್ ನೀರು. 100 ಲೀಟರ್ ಒಳಗೆ ಹೋಗಿ 75 ಲೀಟರ್ ಒಳ್ಳೆಯ ನೀರು ಬಂದರೆ, ಉಳಿದ 25 ಲೀಟರಿನಲ್ಲಿ ಉಪ್ಪು ಸುಮಾರು ನಾಲ್ಕು ಪಟ್ಟು ಮಂದವಾಗುತ್ತದೆ. 90 ಲೀಟರ್ ತೆಗೆಯುತ್ತೇವೆ ಅಂದರೆ ಹತ್ತು ಪಟ್ಟು. ಗಣಿ ನೀರಿನಲ್ಲಿ ಕ್ಯಾಲ್ಸಿಯಂ, ಸಲ್ಫೇಟ್ ಎರಡೂ ಜಾಸ್ತಿ. ಅವು ಕೂಡಿದರೆ ಜಿಪ್ಸಂ. ಒಂದು ಲೀಟರ್ ನೀರಿನಲ್ಲಿ ಜಿಪ್ಸಂ ಕರಗುವುದು ಎರಡೂವರೆ ಗ್ರಾಮಿನ ಆಸುಪಾಸು ಮಾತ್ರ. ಉದಾಹರಣೆಗೆ ಲೀಟರಿಗೆ 400 ಮಿಲಿಗ್ರಾಂ ಕ್ಯಾಲ್ಸಿಯಂ, 1500 ಮಿಲಿಗ್ರಾಂ ಸಲ್ಫೇಟ್ ಇರುವ ನೀರನ್ನು ನಾಲ್ಕು ಪಟ್ಟು ಮಂದ ಮಾಡಿದರೆ ಆ ಮಿತಿ ದಾಟಿ ಎಷ್ಟೋ ಮುಂದೆ ಹೋಗಿರುತ್ತದೆ. ಆಂಟಿಸ್ಕೇಲೆಂಟ್ ಎಂಬ ರಾಸಾಯನಿಕ ಹಾಕಿ ಸ್ವಲ್ಪ ಹೊತ್ತು ತಡೆಹಿಡಿಯಬಹುದು. ಅದಕ್ಕೂ ಒಂದು ಮಿತಿ ಇದೆ. ಅದು ಮೀರಿದರೆ ಕೊನೆಯ ಸುರುಳಿಯ ಒಳಗೆ ಜಿಪ್ಸಂ ಸೂಜಿಯಂಥ ಹರಳಾಗಿ ಬೆಳೆಯುತ್ತದೆ. ಅಂಥ ಸುರುಳಿಯನ್ನು ಕೊಯ್ದು ಬಿಚ್ಚಿ ನೋಡಿದ್ದೇನೆ. ಹಾಳೆಗಳ ನಡುವೆ ಬಿಳಿ ಮರಳು ಹರಡಿದಂತಿತ್ತು, ಬೆರಳಿಟ್ಟರೆ ಚುಚ್ಚುತ್ತಿತ್ತು. ಆಮ್ಲ ಹಾಕಿ ತೊಳೆದರೂ ಅದು ಸುಲಭಕ್ಕೆ ಬಿಡುವುದಿಲ್ಲ. ಇನ್ನು ಬೇರಿಯಂ ಸಲ್ಫೇಟ್ ಕರಗುವುದು ಲೀಟರಿಗೆ ಎರಡು ಮೂರು ಮಿಲಿಗ್ರಾಂ ಅಷ್ಟೇ. ಆದ್ದರಿಂದಲೇ ಆ ಪಟ್ಟಿಯ ಬೇರಿಯಂ ಸೊನ್ನೆ ನನ್ನನ್ನು ಕಾಡುತ್ತಿದೆ.

ಸಭೆಯಲ್ಲಿ ಹೇಳಿದ ಪ್ರಕಾರ ರಿಜೆಕ್ಟ್ ನೀರು ಬಿಸಿಲಿಗೆ ಒಣಗಿಸುವ ಹೊಂಡಕ್ಕೆ ಹೋಗುತ್ತದೆ, ಹೊರಗೆ ಒಂದು ಹನಿಯೂ ಬರುವುದಿಲ್ಲ. ಹೊಂಡದ ವಿಸ್ತೀರ್ಣ ವರದಿಯಲ್ಲಿದೆ. ಮಳೆಗಾಲದ ಲೆಕ್ಕ ಇಲ್ಲ. ಗಣಿ ನೀರು ಜಾಸ್ತಿ ಬರುವುದೂ ಮಳೆಗಾಲದಲ್ಲೇ, ಹೊಂಡ ಒಣಗದೇ ಇರುವುದೂ ಮಳೆಗಾಲದಲ್ಲೇ, ಹೊಂಡದ ಮೇಲೆ ನೇರ ಮಳೆ ಸುರಿಯುವುದೂ ಆಗಲೇ. ಮೂರೂ ಒಟ್ಟಿಗೆ ಬಂದಾಗ ಹೊಂಡದ ನೀರು ಎಲ್ಲಿಗೆ ಹೋಗುತ್ತದೆ? ತಿಂಗಳು ತಿಂಗಳಿನ ಮಳೆ, ಆವಿ, ಒಳಹರಿವು ಬರೆದ ಒಂದು ಎಕ್ಸೆಲ್ ಹಾಳೆ ಸಾಕು ಇದಕ್ಕೆ ಉತ್ತರ ಕೊಡಲು.

ಮೆಂಬ್ರೇನ್‌ನಿಂದ ಗಣಿ ನೀರು ಶುದ್ಧವಾಗುವುದಿಲ್ಲ ಅಂತ ಯಾರೂ ಇದನ್ನು ಓದಿ ತಿಳಿಯಬಾರದು. ದಕ್ಷಿಣ ಆಫ್ರಿಕಾದ ಇಮಲಾಹ್ಲೇನಿ ಪಟ್ಟಣದಲ್ಲಿ ಕಲ್ಲಿದ್ದಲು ಗಣಿಗಳ ಹುಳಿನೀರನ್ನು 2007ರಿಂದ ಶುದ್ಧ ಮಾಡಿ ಊರಿಗೆ ಕುಡಿಯಲು ಕೊಡುತ್ತಿದ್ದಾರೆ. ಮೊದಲು ಸುಣ್ಣ ಹಾಕಿ ಹುಳಿ ತೆಗೆದು ಲೋಹಗಳನ್ನು ತಳಕ್ಕೆ ಇಳಿಸುತ್ತಾರೆ. ಆಮೇಲೆ ಸಣ್ಣ ಕೆಸರನ್ನು ತಡೆಯುವ ಅಲ್ಟ್ರಾಫಿಲ್ಟರ್, ಆಮೇಲೆ ಆರ್‌ಓ. ರಿಜೆಕ್ಟ್ ನೀರಿನಿಂದ ಜಿಪ್ಸಂ ಇಳಿಸಿ ಅದೇ ನೀರನ್ನು ಮತ್ತೆ ಆರ್‌ಓಗೆ ಕೊಡುತ್ತಾರೆ. ಹೀಗೆ ಹಂತ ಹಂತವಾಗಿ ಬಹುತೇಕ ಎಲ್ಲ ನೀರನ್ನೂ ವಾಪಸು ಪಡೆಯುತ್ತಾರೆ. ಜಿಪ್ಸಂ ಮೆಂಬ್ರೇನಿನೊಳಗೆ ಹರಳುಗಟ್ಟುವ ಬದಲು ಹೊರಗೆ, ಘಟಕದವರೇ ಗೊತ್ತುಮಾಡಿದ ಜಾಗದಲ್ಲಿ ಹರಳುಗಟ್ಟಲಿ ಅನ್ನುವುದು ಅದರ ಜಾಣತನ. ಅಂಥದ್ದು ನಮ್ಮಲ್ಲೂ ಆಗಬೇಕು ಅನ್ನುವುದು ನನ್ನ ಆಸೆ.

ಅದೇ ದೇಶದಲ್ಲಿ ಇನ್ನೊಂದು ಉದಾಹರಣೆಯೂ ಇದೆ. ಜೋಹಾನ್ಸ್‌ಬರ್ಗ್ ಪಶ್ಚಿಮದ ಕ್ರೂಗರ್ಸ್‌ಡಾರ್ಪ್ ಹತ್ತಿರ ಹಳೆಯ ಚಿನ್ನದ ಗಣಿಗಳ ಪಂಪು ನಿಂತ ಮೇಲೆ ಸುರಂಗಗಳು ತುಂಬುತ್ತಾ ಬಂದು, 2002ರಲ್ಲಿ ಹುಳಿನೀರು ನೆಲದ ಮೇಲೇ ಉಕ್ಕಿತು. ನಮ್ಮ ಕೆಜಿಎಫ್ ಗಣಿ 2001ರ ಫೆಬ್ರುವರಿಯಲ್ಲಿ ಮುಚ್ಚಿತು. ಸುರಂಗಗಳಲ್ಲಿ ನೀರು ತುಂಬಿದೆ, ಸಯನೈಡ್ ದಿಬ್ಬಗಳು ಊರ ನಡುವೆ ಈಗಲೂ ನಿಂತಿವೆ. ಗಣಿ ಮುಚ್ಚಿದರೂ ನೀರು ಬರುವುದು ನಿಲ್ಲುವುದಿಲ್ಲ. ಆ ವರದಿಯಲ್ಲಿ ಘಟಕ ನಡೆಸುವ ಖರ್ಚು ಗಣಿಯ ಆಯಸ್ಸಿನವರೆಗೆ ಮಾತ್ರ ಇದೆ. ಮುಂದೆ ಕರೆಂಟ್ ಬಿಲ್ ಕಟ್ಟುವವರು ಯಾರು? ಹೊಸ ಮೆಂಬ್ರೇನ್ ತರುವವರು ಯಾರು? ಗ್ರಾಮ ಪಂಚಾಯಿತಿಯಾ?

ಪಕ್ಕದ ಒಂದು ಮಾತು. ಎಲ್ಲ ಗಣಿಗೂ ಆರ್‌ಓ ಬೇಕಿಲ್ಲ. ಸಂಡೂರು, ಹೊಸಪೇಟೆ ಕಡೆಯ ಕಬ್ಬಿಣದ ಅದಿರಿನ ಕೆಂಪು ನೀರಿಗೆ ಮುಖ್ಯವಾಗಿ ಬೇಕಾದದ್ದು ಕೆಸರು ತಳಕ್ಕೆ ಕೂರಲು ಜಾಗ, ಗಟ್ಟಿಯಾದ ತಡೆಗಟ್ಟೆ. ಅಲ್ಲಿ ಮೆಂಬ್ರೇನ್ ತೋರಿಸಿ ವರದಿಗೆ ತೂಕ ತರುವವರನ್ನೂ ತಾವು ಪ್ರಶ್ನಿಸಬೇಕು.

ಈಗ ನನ್ನ ಕೋರಿಕೆ. ಮೆಂಬ್ರೇನ್ ಘಟಕ ಇರುವ ಯಾವ ಗಣಿ ಯೋಜನೆ ಬಂದರೂ ಮಾಡೆಲ್‌ನ ಇನ್‌ಪುಟ್ ಫೈಲನ್ನು ವರದಿಯ ಜೊತೆ ಕಡ್ಡಾಯವಾಗಿ ತರಿಸಿಕೊಳ್ಳಿ. ಪ್ರಿಂಟ್‌ಔಟ್‌ನ ಆಯ್ದ ಪುಟ ಬೇಡ, ತೆರೆದು ಮತ್ತೆ ಓಡಿಸಿ ನೋಡಬಹುದಾದ ಫೈಲೇ ಬೇಕು. ಅದನ್ನು ಅಹವಾಲು ಸಭೆಗೆ ಮೊದಲೇ ಸಾರ್ವಜನಿಕರಿಗೂ ಬಿಡಿ. ಸಭೆಗೆ ಮುನ್ನ ಕನಿಷ್ಠ 30 ದಿನದ ನೋಟಿಸ್ ಕೊಡಬೇಕು ಅಂತ ಈಗಾಗಲೇ ನಿಯಮ ಇದೆ. ಆ 30 ದಿನದಲ್ಲಿ ನನ್ನಂಥವರು, ಕಾಲೇಜಿನ ಮೇಷ್ಟ್ರುಗಳು ಅದನ್ನು ಪರೀಕ್ಷಿಸಿ ಊರವರಿಗೆ ತಿಳಿಯುವ ಮಾತಿನಲ್ಲಿ ಹೇಳಬಲ್ಲೆವು. ಕಂಪನಿಯ ಗುಟ್ಟು ಬಯಲಾಗುತ್ತದೆ ಅನ್ನುವ ವಾದ ಇಲ್ಲಿ ನಿಲ್ಲುವುದಿಲ್ಲ. ಗುಂಡಿಯ ನೀರಿನಲ್ಲಿ ನೈಟ್ರೇಟ್ ಎಷ್ಟಿದೆ ಅನ್ನುವುದು ವ್ಯಾಪಾರದ ಗುಟ್ಟು ಹೇಗಾಗುತ್ತದೆ?

ನೀರಿನ ಮಾದರಿಯನ್ನು ಕನಿಷ್ಠ ಒಂದು ವರ್ಷ ತೆಗೆಯಬೇಕು, ಮೊದಲ ಮಳೆಯ ವಾರ ಅದರಲ್ಲಿ ಇರಲೇಬೇಕು. ನೈಟ್ರೇಟ್, ಅಮೋನಿಯಾ, ಸಿಲಿಕಾ, ಬೇರಿಯಂ, ಅಲ್ಯೂಮಿನಿಯಂ, ಕಬ್ಬಿಣದ ಎರಡೂ ರೂಪ, ಆರ್ಸೆನಿಕ್‌ನ ಎರಡೂ ರೂಪ ಅಳೆಯಲೇಬೇಕು. ಧನ, ಋಣ ಮೊತ್ತ ಸಮ ಬರದ ಲ್ಯಾಬ್ ವರದಿಯನ್ನು ವಾಪಸು ಕಳಿಸಿ. ಮಾಡೆಲ್ ಅನ್ನು ಒಂದೇ ಸಲ ಓಡಿಸಿ ತಂದರೆ ಒಪ್ಪಬೇಡಿ. ಅತಿ ಕೆಟ್ಟ ನೀರು, ಅತಿ ಬಿಸಿ ನೀರು, ಹಳೆಯ ಮೆಂಬ್ರೇನ್, ಈ ಮೂರಕ್ಕೂ ಉತ್ತರ ಕೇಳಿ. ಮಳೆಗಾಲವೂ ಸೇರಿದಂತೆ ಕೆಲವು ತಿಂಗಳು ಸಣ್ಣ ಪ್ರಾಯೋಗಿಕ ಘಟಕವನ್ನು ಅದೇ ಗಣಿಯ ನೀರಿನಲ್ಲಿ ನಡೆಸಿ, ಅದರ ಅಂಕಿಗಳಿಗೆ ಮಾಡೆಲ್ ಹೊಂದುತ್ತದೆಯೇ ಅಂತ ತೋರಿಸಲಿ. ರಿಜೆಕ್ಟ್ ಹೊಂಡಕ್ಕೆ ತಿಂಗಳವಾರು ಲೆಕ್ಕ ಬೇಕು. ಗಣಿ ಮುಚ್ಚಿದ ಮೇಲಿನ ಖರ್ಚಿಗೆ ಮೊದಲೇ ಠೇವಣಿ ಇಡಿಸಬೇಕು.

ಘಟಕ ಶುರುವಾದ ಮೇಲೂ ಕೆಲಸ ಮುಗಿಯುವುದಿಲ್ಲ. ಮಾಡೆಲ್ ಹೇಳಿದ್ದೇನು, ನಿಜಕ್ಕೂ ಬರುತ್ತಿರುವುದೇನು ಅಂತ ಎರಡನ್ನೂ ಪಕ್ಕಪಕ್ಕದಲ್ಲಿ ಬರೆದು ಪ್ರತಿ ತಿಂಗಳು ಪಂಚಾಯಿತಿಯ ಬೋರ್ಡಿನಲ್ಲಿ ಕನ್ನಡದಲ್ಲಿ ಹಾಕಲಿ. ವರದಿಯ ಸಾರಾಂಶ ಕನ್ನಡದಲ್ಲಿ ಇರಬೇಕು ಅಂತ ನಿಯಮ ಇದೆ, ಇರುತ್ತದೆ ಕೂಡ. ಆದರೆ ನೀರಿನ ಘಟಕದ ಬಗ್ಗೆ ನಾನು ಓದಿದ ಆ ಸಾರಾಂಶದಲ್ಲಿ ಇದ್ದದ್ದು ಒಂದೇ ಸಾಲು, "ಅತ್ಯಾಧುನಿಕ ತಂತ್ರಜ್ಞಾನದಿಂದ ಸಂಸ್ಕರಿಸಲಾಗುವುದು" ಅಂತ. ಆ ಸಾಲಿನಿಂದ ಯಾರಿಗೂ ಏನೂ ತಿಳಿಯುವುದಿಲ್ಲ.

ಹಣ ಎಲ್ಲಿಂದ ಅಂತ ಕೇಳಬಹುದು. 2015ರ ತಿದ್ದುಪಡಿಯ ನಂತರ ಗಣಿ ಇರುವ ಜಿಲ್ಲೆಗಳಲ್ಲಿ ಜಿಲ್ಲಾ ಖನಿಜ ಪ್ರತಿಷ್ಠಾನ ಇದೆ. ಕುಡಿಯುವ ನೀರು, ಪರಿಸರ ಮಾಲಿನ್ಯ ನಿಯಂತ್ರಣ ಎರಡೂ ಅದರ ಆದ್ಯತೆಯ ಪಟ್ಟಿಯಲ್ಲಿವೆ. ಸ್ವತಂತ್ರ ಲ್ಯಾಬ್‌ನಲ್ಲಿ ವರ್ಷಪೂರ್ತಿ ಪರೀಕ್ಷೆ ಮಾಡಿಸಲು ತಗಲುವ ಖರ್ಚು ಅದರ ಮುಂದೆ ದೊಡ್ಡದೇನಲ್ಲ. ಘಟಕದ ವಿನ್ಯಾಸದ ಖರ್ಚನ್ನು ಮಾತ್ರ ಕಂಪನಿಯೇ ಭರಿಸಬೇಕು.

ನನ್ನ ವೃತ್ತಿಯವರಿಗೂ ಇಲ್ಲೇ ಒಂದು ಮಾತು. ಗಡುವು ಹತ್ತಿರ ಇರುತ್ತದೆ, ಗ್ರಾಹಕರ ಒತ್ತಡ ಇರುತ್ತದೆ, ನನಗೂ ಗೊತ್ತು. ಆದರೂ ಅಳೆಯದ ಸಾಲಿನಲ್ಲಿ ಸೊನ್ನೆ ಬರೆಯಬೇಡಿ. "ಅಳೆದಿಲ್ಲ" ಅಂತ ಬರೆಯಿರಿ. ಆ ಒಂದು ಪದ ನೋಡಿದರೆ ಸಮಿತಿಯಲ್ಲಿ ಯಾರಾದರೂ ಪ್ರಶ್ನೆ ಕೇಳುತ್ತಾರೆ.

ಮಾನ್ಯರೇ, ನಾನು ಮೇಲೆ ಹೇಳಿದ ಯೋಜನೆ ಇನ್ನೂ ತಮ್ಮ ಮುಂದೆ ಬರಬೇಕಿದೆ. ಬಂದಾಗ ಆ ಅನುಬಂಧದ ಒಳಬರುವ ನೀರಿನ ಪುಟ ತೆರೆಯಿರಿ. ಕ್ಲೋರೈಡ್ ಸಾಲನ್ನೂ ನೈಟ್ರೇಟ್ ಸಾಲನ್ನೂ ಲ್ಯಾಬ್ ವರದಿಯ ಜೊತೆ ತಾಳೆ ನೋಡಿ. ನನ್ನ ಅನುಮಾನ ತಪ್ಪು ಅಂತ ತಮಗೆ ಕಂಡರೆ ಕಾರಣ ಸಮೇತ ಸಭೆಯ ನಡಾವಳಿಯಲ್ಲಿ ಬರೆಯಿರಿ, ನಾನು ಒಪ್ಪಿಕೊಳ್ಳುತ್ತೇನೆ. ಸರಿ ಅಂತ ಕಂಡರೆ ಅನುಮತಿಯನ್ನು ತಡೆದು, ಒಂದು ವರ್ಷದ ನೀರಿನ ಅಂಕಿ ತನ್ನಿ ಅಂತ ಹೇಳಿ ಕಳಿಸಿ. ಮಾಡೆಲ್ ಮತ್ತೆ ಓಡಿಸಲು, ಫಲಿತಾಂಶ ವಿವರಿಸಲು ನನ್ನ ಸಹಾಯ ಬೇಕಾದರೆ ಬಿಡಿಗಾಸೂ ತೆಗೆದುಕೊಳ್ಳದೆ ಮಾಡುತ್ತೇನೆ. ಎಮ್ಮೆ ಆ ನೀರು ಕುಡಿಯಬಹುದೋ ಬಾರದೋ ಅಂತ ಆಮೇಲೆ ಆ ಊರಿಗೇ ಹೋಗಿ ತಾವೇ ಹೇಳಿ.

ಇಂತಿ ತಮ್ಮ ವಿಶ್ವಾಸಿ,
ಗಣಿ ಸೀಮೆಯ ಒಬ್ಬ ಕೆಮಿಕಲ್ ಇಂಜಿನಿಯರ್